ಮನೆಯ ಕಡೆಗೆ ಹರಿಯುವ ಹೊಳೆ

ಬಸ್ಸುಗಳ ಹಣೆಯ ಮೇಲೆ ಊರುಗಳ ಹೆಸರು ಬರೆಯುವವನೊಬ್ಬನಿದ್ದ. ಬರೆಯುವುದೆಂದರೆ ಕುಂಚ ಹಿಡಿದಲ್ಲ. ಡಿಪೋದ ಹಿಂಭಾಗದಲ್ಲಿ, ಟಯರು ಕೋಣೆಗೂ ಎಣ್ಣೆ ಕೋಣೆಗೂ ನಡುವೆ ಸಿಕ್ಕಿಕೊಂಡಂತಿದ್ದ ಕಿರುಕೋಣೆಯಲ್ಲಿ ಅವನ ಮೇಜು. ಮೇಜಿನ ಮೇಲೆ ಬಿಚ್ಚಿಟ್ಟ ಬೋರ್ಡುಗಳು, ಒಂದೊಂದು ಬೋರ್ಡಿನಲ್ಲೂ ಸಾಲುಸಾಲು ಸಣ್ಣ ದೀಪಗಳು. ಸತ್ತ ದೀಪ ಕಿತ್ತು ಹೊಸದನ್ನು ಬೆಸೆದು, ಯಾವುದು ಉರಿಯಬೇಕು ಯಾವುದು ಆರಿರಬೇಕು ಎಂದು ಕಂಪ್ಯೂಟರಿನಲ್ಲಿ ಹೇಳಿಕೊಟ್ಟು ಕಳಿಸುವುದು ಅವನ ಕೆಲಸ. ಸುಮ್ಮನೆ ಅಲ್ಲ, ನಾಲ್ಕು ದೀಪ ಹೆಚ್ಚುಕಡಿಮೆಯಾದರೆ ಜನ ಮದುವೆಗೆಂದು ಹೊರಟು ಇನ್ಯಾವುದೋ ಊರಲ್ಲಿ ಇಳಿದಾರು. ಡಿಪೋದವರೆಲ್ಲ ಅವನನ್ನು ಚುಕ್ಕಿ ಅನ್ನುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರನ್ನು ಸಾಹೇಬರು ಯಾವಾಗಲಾದರೂ ಕೂಗಿದರೆ ಅವನೇ ಹಿಂದೆ ತಿರುಗಿ, ಯಾರನ್ನು ಕರೀತಿದಾರೆ ಎಂದು ನೋಡುತ್ತಿದ್ದ.

ಈ ಚುಕ್ಕಿಗೆ ಒಂದು ಹುಚ್ಚಿತ್ತು. ಹಳೆಯ ದೊಡ್ಡ ಕಾದಂಬರಿಗಳನ್ನು ವಿಡಿಯೊ ಗೇಮ್ ಮಾಡುವುದು. ಈಗಿನ ಥಳಕಿನ ಆಟಗಳಲ್ಲ ಮತ್ತೆ. ಅವನು ಹುಡುಗನಾಗಿದ್ದಾಗ ಮೂಲೆಯಂಗಡಿಯಲ್ಲಿ ಒಂದು ಪೆಟ್ಟಿಗೆ ಇರುತ್ತಿತ್ತು. ನಾಣ್ಯ ಹಾಕಿದರೆ ಟುಂಯ್ ಟುಂಯ್ ಎಂದು ಕೂಗಿಕೊಂಡು ಎದ್ದು ಕೂರುತ್ತಿತ್ತು. ಅದರೊಳಗೆ ಮನುಷ್ಯನೆಂದರೆ ನಾಲ್ಕಾರು ಚೌಕ, ಮರವೆಂದರೆ ಹಸಿರು ಚೌಕದ ಕೆಳಗೊಂದು ಕಂದು ಚೌಕ, ಸತ್ತರೆ ಪಿಳಿಪಿಳಿ ಮಿಂಚಿ ಮಾಯ. ಅಂಥ ಆಟ. ಡಿಪೋದ ಕಚೇರಿಯವರು ಬೇಡವೆಂದು ಎಸೆದ ಕಂಪ್ಯೂಟರನ್ನು ಮನೆಗೆ ಹೊತ್ತುಕೊಂಡು ಬಂದು, ಭಾನುವಾರವೆಲ್ಲ ಅದರ ಮುಂದೆ ಕುಕ್ಕರಿಸುತ್ತಿದ್ದ.

"ಕಾದಂಬರೀಲಿ ಜನ ಕಿಟಕಿ ಪಕ್ಕ ಕೂತು ನಿಟ್ಟುಸಿರು ಬಿಡ್ತಾ ಇರ್ತಾರೆ. ಅದನ್ನ ಹೆಂಗೆ ಆಡೋದ್ರಿ?" ಎಂದು ಅವನ ಹೆಂಡತಿ ಮೂಗು ಮುರಿಯುತ್ತಿದ್ದಳು.

ಅದೇ ಅವನಿಗೂ ಇದ್ದ ಸವಾಲು. ಪುಸ್ತಕವನ್ನು ಎರಡೆರಡು ಸಲ ಓದಿ, ಅದರಲ್ಲಿ ಜನ ನಿಜವಾಗಿ ಏನು ಮಾಡಲು ಒದ್ದಾಡುತ್ತಿದ್ದಾರೆ ಎಂದು ಹುಡುಕುತ್ತಿದ್ದ. ಅದು ಸಿಕ್ಕಿತೋ, ಆಟ ಸಿಕ್ಕಿದ ಹಾಗೆ. ಅಣ್ಣತಮ್ಮಂದಿರು ಪಾಲಾಗುವ ಕಾದಂಬರಿಯೊಂದನ್ನು ಅವನು ಆಟ ಮಾಡಿದ್ದ. ಅದರಲ್ಲಿ ಆಡುವವರು ಮಾಡಬೇಕಾದ್ದು ಇಷ್ಟೇ: ಅಣ್ಣತಮ್ಮಂದಿರನ್ನೆಲ್ಲ ಒಂದೇ ಹೊತ್ತಿಗೆ ಊಟಕ್ಕೆ ಕೂರಿಸಬೇಕು. ಒಬ್ಬನನ್ನು ಕರೆತರುವಷ್ಟರಲ್ಲಿ ಇನ್ನೊಬ್ಬ ತಟ್ಟೆ ಬಿಟ್ಟು ಎದ್ದಿರುತ್ತಿದ್ದ. ಡಿಪೋದಲ್ಲಿ ಒಬ್ಬರಿಗೂ ಆ ಊಟ ಮುಗಿಸಲು ಆಗಲಿಲ್ಲ. ಒಬ್ಬ ಕಂಡಕ್ಟರಂತೂ ಆಡಿ ಆಡಿ ಬೇಸತ್ತು, ಮಾತು ಬಿಟ್ಟಿದ್ದ ತಮ್ಮನ ಮನೆಗೆ ಅದೇ ವಾರ ಹೋಗಿಬಂದನಂತೆ. ದುಃಖವನ್ನು ತೋರಿಸಲು ಚುಕ್ಕಿ ಕಂಡುಕೊಂಡಿದ್ದ ಉಪಾಯವೂ ಒಂದಿತ್ತು. ಆ ಚೌಕದ ಮನುಷ್ಯನ ತಲೆಯನ್ನು ಒಂದೇ ಒಂದು ಚುಕ್ಕಿ ಕೆಳಗಿಳಿಸುವುದು. ಅಷ್ಟೇ. ನೋಡಿದವರ ಕರುಳು ಚುರ್ ಎನ್ನಬೇಕು.

ಅವನಿಗೆ ಒಬ್ಬಳು ಅಕ್ಕ. ಅವನಿಗಿಂತ ಬಹಳ ದೊಡ್ಡವಳು, ತಾಯಿ ಗಿರಣಿಯ ಪಾಳಿಗೆ ಹೋದರೆ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಮದುವೆ ಗಿದುವೆ ಆಗಲಿಲ್ಲ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆ ಎಂದು ಕೂಗಿ ಹೇಳುವ ಕೆಲಸದಲ್ಲೇ ಅವಳ ವಯಸ್ಸು ಕಳೆಯಿತು. ಅವಳ ದನಿ ಕೇಳಿಯೇ ಜನ ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು. ಬಿಡುವಾದಾಗೆಲ್ಲ ಕಾದಂಬರಿ. ನಿವೃತ್ತಿಯಾದ ಮೇಲೆ ತಮ್ಮನ ಮನೆಯಿಂದ ಎರಡು ಬಸ್ ಸ್ಟಾಪು ಆಚೆ ಒಂದು ಕೋಣೆ ಮಾಡಿಕೊಂಡು, ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು, ಇನ್ನು ಬೇಕಾದಷ್ಟು ಓದಬಹುದು ಎಂದು ಕೂತಳು. ಕೂತ ಸ್ವಲ್ಪ ದಿನಕ್ಕೇ ಕಣ್ಣು ಕೈಕೊಟ್ಟಿತು.

ಪೂರ್ತಿ ಕತ್ತಲೆಯಲ್ಲ. ನೋಟದ ಅಂಚು ಇತ್ತು, ನಡುಮಧ್ಯ ಹೋಗಿತ್ತು. ನೇರ ನೋಡಿದರೆ ಎದುರಿನವರ ಮುಖದ ಜಾಗದಲ್ಲಿ ಒಂದು ಬೂದು ಮೋಡ. ಅಕ್ಷರವಂತೂ ಇರುವೆ ಸಾಲಿನ ಮೇಲೆ ನೀರು ಚೆಲ್ಲಿದಂತೆ ಚದುರಿಹೋಗುತ್ತಿತ್ತು. ಇದಕ್ಕೆ ಮದ್ದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಎಂದು ಕಣ್ಣಿನ ಡಾಕ್ಟರು ಕೈಚೆಲ್ಲಿದರು. ಪುಸ್ತಕಗಳನ್ನು ಯಾರಾರೋ ಓದಿ ರೆಕಾರ್ಡು ಮಾಡಿದ್ದನ್ನು ಚುಕ್ಕಿ ತಂದುಕೊಟ್ಟ. ಒಂದು ಸಂಜೆ ಕೇಳಿ ಅವಳು ಮುಚ್ಚಿಟ್ಟಳು.

"ಆ ಮನುಷ್ಯ ತಾನೇ ಹೋಗ್ತಾ ಇರ್ತಾನೆ ಕಣೋ. ನಿಲ್ಲು ಅಂದ್ರೆ ನಿಲ್ಲಲ್ಲ. ನನಗೆ ಬೇಕಾದ ಕಡೆ ನಿಂತು, ಬೇಡದ ಕಡೆ ಓಡಬೇಕು. ಪುಟ ನನ್ನ ಕೈಲಿರಬೇಕು."

ಹಾಗೆಂದಮೇಲೆ ಮಾಡುವುದೇನು? ಚುಕ್ಕಿಯ ಮುಖ ಸಪ್ಪೆಯಾಯಿತು. ಆ ದಿನವೇ ಅವಳನ್ನು ಮನೆಗೆ ಊಟಕ್ಕೆ ಕರೆದುಕೊಂಡು ಹೋಗುವಾಗ ಬಸ್ ಸ್ಟಾಪಿನಲ್ಲಿ ನಿಂತಿದ್ದರು. ದೂರದ ತಿರುವಿನಲ್ಲಿ ಒಂದು ಬಸ್ಸು ಕಾಣಿಸಿಕೊಂಡಿತು. ಅಕ್ಕ ಕೋಳಿಯ ಹಾಗೆ ಕತ್ತು ಪಕ್ಕಕ್ಕೆ ತಿರುಗಿಸಿ, ಕಣ್ಣಂಚಿನಿಂದ ನೋಡಿ, ಅದರ ಹಣೆಯ ಮೇಲಿನ ಊರಿನ ಹೆಸರನ್ನು ತನ್ನ ಮೈಕಿನ ದನಿಯಲ್ಲಿ ಕೂಗಿಯೇಬಿಟ್ಟಳು. ಅಕ್ಕಪಕ್ಕ ನಿಂತಿದ್ದವರು ಬೆಚ್ಚಿ ಚೀಲ ಎತ್ತಿಕೊಂಡರು.

"ಕಾಣುತ್ತಾ ಅಕ್ಕ?"

"ನಿನ್ನ ಬೋರ್ಡು ಮಾತ್ರ ಕಾಣುತ್ತೆ. ದಪ್ಪ ದಪ್ಪ ಚುಕ್ಕಿ, ಒಳಗಿಂದ ಬೆಳಕು. ಕಾಣದೇ ಏನು?"

ಚುಕ್ಕಿ ಬಸ್ಸು ಹತ್ತುವುದನ್ನೇ ಮರೆತ. ದಪ್ಪ ಚುಕ್ಕಿ, ಒಳಗಿಂದ ಬೆಳಕು. ಅವನ ಆಟಗಳೆಲ್ಲ ಮತ್ತೇನು? ಅಕ್ಕನಿಗೆ ಒಂದು ಪುಸ್ತಕವನ್ನು ಹಾಗೆ ಮಾಡಿಕೊಟ್ಟರೆ, ಪುಟವೂ ಅವಳ ಕೈಯಲ್ಲೇ ಇರುತ್ತದೆ. ಎಲ್ಲಿ ಬೇಕೋ ಅಲ್ಲಿ ನಿಲ್ಲಬಹುದು. ಯಾವ ಪುಸ್ತಕ ಎಂಬುದನ್ನು ಅವನು ಎಳ್ಳಷ್ಟೂ ಯೋಚಿಸಬೇಕಾಗಲಿಲ್ಲ. ದೋಣಿ ಪುಸ್ತಕ.

ಆ ಪುಸ್ತಕಕ್ಕೆ ಬೇರೆ ದೊಡ್ಡ ಹೆಸರಿತ್ತು, ಬಲ್ಲವರು ಅದನ್ನು ಬಹಳ ಹೊಗಳುತ್ತಿದ್ದರು. ಅಕ್ಕತಮ್ಮಂದಿರಿಗೆ ಮಾತ್ರ ಅದು ದೋಣಿ ಪುಸ್ತಕ. ಚುಕ್ಕಿ ಚಿಕ್ಕವನಿದ್ದಾಗ ತಾರಸಿಯಿಂದ ಬಿದ್ದು, ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು, ಗೋಡೆ ನೋಡುತ್ತ ಮಲಗಿದ್ದ. ಆಗ ಅಕ್ಕ ದಿನಾ ಸಂಜೆ ಅವನ ಮಂಚದ ತುದಿಗೆ ಕೂತು ಗಟ್ಟಿಯಾಗಿ ಓದುತ್ತಿದ್ದಳು. ದೋಣಿ ನಡೆಸುವವನ ಮಗಳೊಬ್ಬಳು. ಅಪ್ಪ ಕೈಲಾಗದೆ ಕೂತಮೇಲೆ ಅವಳೇ ಹುಟ್ಟು ಹಿಡಿದು ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುತ್ತಾಳೆ. ಮನೆಯಲ್ಲಿ ಪುಟ್ಟ ತಮ್ಮ. ಹೊಳೆ ಬೆಟ್ಟದ ಬುಡದಲ್ಲಿ ತಿರುಗಿ ಕಣ್ಮರೆಯಾಗುವ ಜಾಗವನ್ನು ದಿನವೂ ನೋಡುತ್ತ, ಅದರಾಚೆ ಸಮುದ್ರವಿದೆಯಂತಲ್ಲ ಎಂದು ಹಂಬಲಿಸುತ್ತಾಳೆ. ಒಂದು ಬೆಳಗ್ಗೆ ಯಾರಿಗೂ ಹೇಳದೆ ದೋಣಿಯನ್ನು ಆ ಕಡೆಗೆ ತಿರುಗಿಸುತ್ತಾಳೆ. ತಿರುವಿನ ತನಕ ಹೋಗುತ್ತಾಳೆ. ಅಷ್ಟರಲ್ಲಿ ತಮ್ಮನ ನೆನಪಾಗಿ ಹುಟ್ಟು ಕೈಬಿಡುತ್ತಾಳೆ. ಹೊಳೆಯೇ ಅವಳನ್ನು ಮೆಲ್ಲಗೆ ಮನೆಗೆ ತಂದು ಬಿಡುತ್ತದೆ. ದೀಪ ಹಚ್ಚಿದ ಮನೆ, ಬಿಸಿ ಊಟ, ತಮ್ಮ. ಮುಗಿಯಿತು.

ಬೇರೆ ಕಾದಂಬರಿಗಳನ್ನು ಎರಡೆರಡು ಸಲ ಓದುತ್ತಿದ್ದ ಚುಕ್ಕಿ ಇದೊಂದನ್ನು ಮಾತ್ರ ತೆರೆದೂ ನೋಡಲಿಲ್ಲ. ಯಾಕೆ ನೋಡಬೇಕು? ಮಾತು ಮಾತೂ ಅಕ್ಕನ ದನಿಯಲ್ಲಿ ಅವನ ಕಿವಿಯೊಳಗೇ ಇತ್ತು. ಆಟ ಕಟ್ಟುತ್ತ ಕಟ್ಟುತ್ತ ಅವನಿಗೆ ಆ ಮಂಚದ ಮೇಲಿದ್ದಂತೆಯೇ ಆಗುತ್ತಿತ್ತು. ಪ್ಲಾಸ್ಟರಿನೊಳಗಿನ ನವೆ, ಅದರೊಳಕ್ಕೆ ಅಕ್ಕ ತೂರಿಸುತ್ತಿದ್ದ ಹೆಣಿಗೆ ಕಡ್ಡಿ, ಪುಟ ತಿರುವುವ ಮುನ್ನ ಅವಳು ಎಳೆದುಕೊಳ್ಳುತ್ತಿದ್ದ ಉಸಿರು. ಎಲ್ಲ ಇತ್ತು. ಆ ಸಂಜೆಗಳು ಮಾತ್ರ ಇರಲಿಲ್ಲ. ಅವನು ಅಕ್ಕನಿಗೆಂದು ಮಾಡುತ್ತಿದ್ದುದು ನಿಜ. ತನಗೂ ಅದರೊಳಗೆ ಒಂದು ಮಂಚ ಹಾಕಿಕೊಳ್ಳುತ್ತಿದ್ದುದೂ ಅಷ್ಟೇ ನಿಜ.

ಆಟವನ್ನು ಮೊದಲು ಡಿಪೋದಲ್ಲಿ ಊಟದ ಬಿಡುವಿನಲ್ಲಿ ಪರೀಕ್ಷೆಗಿಟ್ಟ. ಗ್ಯಾರೇಜಿನ ಮೇಸ್ತ್ರಿ ಹಳೆಯ ಬಸ್ಸಿನ ಗೇರಿನ ಗುಂಡು ಕಳಚಿ ತಂದು, ಅದನ್ನೇ ಜಾಯ್‌ಸ್ಟಿಕ್ಕಿಗೆ ತಲೆಯಾಗಿ ಕೂರಿಸಿಕೊಟ್ಟಿದ್ದ, ವಯಸ್ಸಾದವರ ಕೈಗೆ ಒಳ್ಳೆಯ ಹಿಡಿತ ಸಿಗಲೆಂದು. ಕೂಲಿಯೆಂದು ಮೊದಲ ಆಟ ಅವನದೇ. ಬಲಕ್ಕೆ ಒತ್ತಿ ಒತ್ತಿ ದೋಣಿಯನ್ನು ತಿರುವಿನ ತನಕ ತಂದ. ಕೈ ಬಿಟ್ಟ. ದೋಣಿ ಹಿಂದಕ್ಕೆ ತೇಲತೊಡಗಿತು.

"ಚುಕ್ಕಿ, ಸಮುದ್ರ ಯಾವ ಕಡೆ ಅಂದೆ?"

"ಬಲಕ್ಕೆ."

"ಹೊಳೆ ಯಾವ ಕಡೆ ಹರೀತಿದೆ?"

"ಎಡಕ್ಕೆ. ಮನೆ ಕಡೆಗೆ."

"ಅಂದ್ರೆ ನಿನ್ನ ಹೊಳೆ ಸಮುದ್ರದಲ್ಲಿ ಹುಟ್ಟಿ ಬೆಟ್ಟಕ್ಕೆ ಹೋಗಿ ಸೇರುತ್ತೆ. ರಿವರ್ಸ್ ಗೇರು ಹಾಕಿದೀಯ."

ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಚುಕ್ಕಿಯ ಮುಖ ಕೆಂಪಾಯಿತು. "ಪುಸ್ತಕದಲ್ಲಿ ಹಾಗೇ ಇದೆ," ಎಂದ.

"ಬರೆದೋನು ಹೊಳೆ ನೋಡಿಲ್ಲ ಬಿಡು," ಎಂದು ಮೇಸ್ತ್ರಿ ಕೈ ಒರೆಸಿಕೊಂಡು ಎದ್ದ.

ಚುಕ್ಕಿ ಅದನ್ನು ಅಲ್ಲಿಗೇ ಬಿಟ್ಟ. ಅಕ್ಕ ಓದಿದ್ದರಲ್ಲಿ ತಪ್ಪಿದ್ದೀತು ಎಂದು ಅವನ ತಲೆಗೆ ಹೊಳೆಯಲೇ ಇಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಅಕ್ಕನನ್ನು ಕಂಪ್ಯೂಟರಿನ ಮುಂದೆ ಕೂರಿಸಿದ. ಏನು, ಎತ್ತ ಎಂದು ಹೇಳಿರಲಿಲ್ಲ. ಅವಳು ಕತ್ತು ಓರೆ ಮಾಡಿ ನೋಡಿದಳು. ಕಪ್ಪು ಪರದೆಯ ಮೇಲೆ ನೀಲಿ ಹೊಳೆ ಬೆಳಗಿತು. ಕೆಂಪು ಲಂಗದ ಹುಡುಗಿ, ಅವಳ ಕೈಯಲ್ಲಿ ಹಳದಿ ಹುಟ್ಟು, ದಡದ ಮೇಲೆ ಗುಡಿಸಲು, ಗುಡಿಸಲಿನ ಬಾಗಿಲಲ್ಲಿ ಒಂದು ಪುಟ್ಟ ಹುಡುಗ.

"ದೋಣಿ ಪುಸ್ತಕ," ಎಂದಳು ಅಕ್ಕ.

ಗೇರಿನ ಗುಂಡು ಅವಳ ಕೈಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಸಂತೆಗೆ ಹೋಗುವವರನ್ನು ದಾಟಿಸಿದಳು. ಜಗಳಗಂಟಿ ಮುದುಕಿಯನ್ನು ದಾಟಿಸುವಾಗ, "ಇವಳು ಕೊನೇವರೆಗೂ ಇಳಿಯಲ್ಲ ನೋಡು," ಎಂದು ನಕ್ಕಳು. ಕುರುಡು ಹಸು ದೋಣಿಯಲ್ಲಿ ನಿಂತಾಗ, "ಬಾರಮ್ಮ, ನನ್ನ ಹಾಗೇ ನೀನೂ," ಎಂದು ಅದಕ್ಕೆ ಸಮಾಧಾನ ಹೇಳಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚುಕ್ಕಿಯ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಈರುಳ್ಳಿ," ಎಂದಳು. ಕೈಯಲ್ಲಿ ಈರುಳ್ಳಿ ಇರಲಿಲ್ಲ.

ಕೊನೆಯ ಬೆಳಗು ಬಂತು. ಅಕ್ಕ ದೋಣಿಯನ್ನು ಬಲಕ್ಕೆ ತಿರುಗಿಸಿದಳು. ತಿರುವಿನ ತನಕ ಹೋದಳು. ಅಲ್ಲಿಂದ ಮುಂದಕ್ಕೆ ದೋಣಿ ಜಗ್ಗಲಿಲ್ಲ. ಕೈ ಸಡಿಲಾಯಿತು, ಹೊಳೆ ಅವಳನ್ನು ಹಿಂದಕ್ಕೆ ತಂದಿತು, ಗುಡಿಸಲಿನಲ್ಲಿ ದೀಪ ಹತ್ತಿತು, ಟುಂಯ್ ಎಂದು ಸಣ್ಣ ರಾಗ ಬಂತು. ಚುಕ್ಕಿ ಅವಳ ಮುಖ ನೋಡುತ್ತ ನಿಂತಿದ್ದ. ಅವಳು ಮತ್ತೆ ಹೊರಟಳು. ಮತ್ತೆ ತಿರುವು, ಮತ್ತೆ ವಾಪಸ್ಸು. ಇನ್ನೊಮ್ಮೆ ಹೊರಟು, ಈ ಸಲ ತಿರುವಿನಲ್ಲಿ ಗುಂಡನ್ನು ಬಲಕ್ಕೆ ಒತ್ತಿ ಹಿಡಿದೇ ಕೂತಳು. ಬೆರಳಿನ ಗೆಣ್ಣು ಬೆಳ್ಳಗಾಯಿತು.

"ಇದರಾಚೆ ಏನಿಟ್ಟಿದೀಯೋ?"

"ಏನೂ ಇಲ್ಲ ಅಕ್ಕ. ಬರೀ ಕಪ್ಪು. ಕತೆ ಅಲ್ಲಿಗೇ ಮುಗೀತಲ್ಲ."

"ಮುಗೀತಾ?"

"ಹೊಳೆಯೇ ಅವಳನ್ನ ಮನೆಗೆ ತಂದು ಬಿಡುತ್ತೆ. ನೀನೇ ಓದಿದ್ದು."

ಅಕ್ಕ ಗುಂಡಿನಿಂದ ಕೈ ತೆಗೆದು ಅವನತ್ತ ತಿರುಗಿದಳು. ನೇರ ನೋಡಿದರೆ ಅವನ ಮುಖ ಕಾಣುತ್ತಿರಲಿಲ್ಲ. ಆದರೂ ನೇರವೇ ನೋಡಿದಳು.

"ನೀನು ಪುಸ್ತಕ ತೆಗೆದು ನೋಡಲೇ ಇಲ್ವಾ? ಇಷ್ಟು ವರ್ಷದಲ್ಲಿ ಒಂದ್ಸಲವೂ?"

"ನಿನ್ನ ದನಿ ಇತ್ತಲ್ಲ."

ಅವಳು ನಗತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಕುರ್ಚಿ ಅಲುಗಾಡುವ ಹಾಗೆ. "ಅಯ್ಯೋ ದಡ್ಡ. ಹೊಳೆ ಎಲ್ಲಾದ್ರೂ ಮನೆ ಕಡೆ ಹರಿಯುತ್ತೇನೋ? ಅವಳು ದೋಣಿ ತಿರುಗಿಸಿದ ಕೂಡಲೇ ನೀನು ಅಳೋಕೆ ಶುರು ಮಾಡಿದೆ. ವಾಪಸ್ ಬರ್ತಾಳಾ, ವಾಪಸ್ ಬರ್ತಾಳಾ ಅಂತ. ಪ್ಲಾಸ್ಟರು ಕಾಲು ಎತ್ತಿ ಎತ್ತಿ ಬಡೀತಿದ್ದೆ. ನಾನು ಪುಟ ತಿರುವಿದೆ, ಬಾಯಿಗೆ ಬಂದದ್ದು ಓದಿದೆ. ಹೊಳೆಯೇ ತಂದು ಬಿಡ್ತು ಅಂದೆ. ನೀನು ನಿದ್ದೆ ಹೋದೆ."

"ಹಾಗಾದ್ರೆ ಪುಸ್ತಕದಲ್ಲಿ?"

"ಹೋಗ್ತಾಳೆ."

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು.

ಆಮೇಲೆ ಅಕ್ಕ ಒಂದು ಮಾತು ಹೇಳಿದಳು. ಆ ದಿನಗಳಲ್ಲೇ ಅವಳಿಗೆ ದೂರದ ಬಂದರಿನಿಂದ ಕೆಲಸಕ್ಕೆ ಕರೆ ಬಂದಿತ್ತಂತೆ. ಹಡಗುಗಳಿಗೆ ರೇಡಿಯೊದಲ್ಲಿ ದಾರಿ ಹೇಳುವ ಕೆಲಸ. ಅವಳ ದನಿ ಕೇಳಿ ಒಪ್ಪಿದ್ದರಂತೆ. ಹೋಗಲಿಲ್ಲ. "ನನ್ನ ಕಾಲಿಂದ," ಎಂದು ಚುಕ್ಕಿ ಶುರು ಮಾಡಿದ.

"ನೋಡು, ಎಲ್ಲಾ ನಿನ್ನ ತಲೆಗೆ ಕಟ್ಕೊಂಡು ಮೆರೀಬೇಡ. ಅರ್ಧ ನೀನು. ಇನ್ನರ್ಧ ನನಗೇ ಹೆದರಿಕೆ. ಗುರುತಿಲ್ಲದ ಊರು, ಗುರುತಿಲ್ಲದ ಜನ. ನಿನ್ನ ಕಾಲು ಮುರಿದಿದ್ದು ನನಗೂ ಒಂದು ನೆಪ ಆಯ್ತು. ಆದ್ರೆ ಪುಸ್ತಕ ತೆಗೆದಾಗೆಲ್ಲ ಆ ಕೊನೇ ಪುಟ ಓದ್ತಿದ್ದೆ. ಅವಳ ಜೊತೆ ಒಂಚೂರು ಹೋಗಿಬರ್ತಿದ್ದೆ. ಈಗ ಅದೂ ಇಲ್ಲ." ಅವಳು ಪರದೆಯ ಕಡೆ ಕೈ ತೋರಿಸಿದಳು. "ನೀನು ಅದನ್ನ ತಿದ್ದು. ನನಗೆ ಆಚೆ ಕಡೆ ಹೋಗ್ಬೇಕು."

"ಅತ್ತಿಗೆ, ಬಂದರಿಗೆ ದಿನಾ ಬಸ್ಸಿದೆ," ಎಂದಳು ಚುಕ್ಕಿಯ ಹೆಂಡತಿ ಒಳಗಿನಿಂದ. "ಮೂರು ಜನ ಸೇರಿ ಹೋಗಿಬಂದ್ರಾಯ್ತು."

"ಇದೆ ಕಣೇ. ದಿನಾ ನಾನೇ ಕೂಗಿ ಕಳಿಸ್ತಿದ್ನಲ್ಲ. ಆ ವಯಸ್ಸಿನ ಸಮುದ್ರಕ್ಕೆ ಬಸ್ಸಿಲ್ಲ."

ಚುಕ್ಕಿ ಅಕ್ಕನ ಪೆಟ್ಟಿಗೆಯಿಂದ ದೋಣಿ ಪುಸ್ತಕವನ್ನು ಮನೆಗೆ ತಂದ. ಬೆನ್ನು ಬಿಚ್ಚಿಹೋಗಿತ್ತು, ಕೊನೆಯ ಪುಟಗಳ ಮೂಲೆ ಮಾತ್ರ ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಓದಿದ. ಅಲ್ಲಿ ತಮ್ಮ ಇನ್ನೂ ನಿದ್ದೆಯಲ್ಲಿದ್ದಾನೆ. ಹೊಳೆ ಹರಿಯಬೇಕಾದ ಕಡೆಗೇ ಹರಿಯುತ್ತದೆ. ಅವಳು ತಿರುವು ದಾಟುತ್ತಾಳೆ, ನೀರು ಉಪ್ಪಾಗುತ್ತದೆ, ಅವಳು ಹುಟ್ಟನ್ನು ಒಳಗೆಳೆದುಕೊಳ್ಳುತ್ತಾಳೆ. ಅಷ್ಟೇ. ಸಮುದ್ರ ಹೇಗಿತ್ತು ಎಂದು ಬರೆದವರು ಒಂದು ಮಾತೂ ಹೇಳಿರಲಿಲ್ಲ.

ಚುಕ್ಕಿಯೂ ಸಮುದ್ರ ಕಂಡವನಲ್ಲ. ಬಂದರಿನ ಹೆಸರನ್ನು ಸಾವಿರ ಸಲ ದೀಪದಲ್ಲಿ ಬರೆದಿದ್ದ, ಅಷ್ಟೇ ಅವನ ಋಣ. ಆ ದಾರಿಯ ಡ್ರೈವರುಗಳನ್ನು ಹಿಡಿದು ವಿಚಾರಿಸಿದ. "ದೊಡ್ಡದು," ಎಂದನೊಬ್ಬ, ಕೈಯಗಲಿಸಿ. "ನೀಲಿ ಅಂತಾರೆ, ನಾನು ನೋಡಿದಾಗ ಕೆಸರು ಬಣ್ಣ ಇತ್ತು," ಎಂದ ಇನ್ನೊಬ್ಬ. ಮೂರನೆಯವನು ಬಹಳ ಹೊತ್ತು ಯೋಚಿಸಿ, "ನನ್ನ ಚಪ್ಪಲಿ ಹೋಯ್ತು," ಎಂದ. ಮೇಸ್ತ್ರಿಗೆ ವಿಷಯ ಗೊತ್ತಾಗಿ, "ಈಗಲಾದ್ರೂ ಗೇರು ಬದಲಾಯಿಸು," ಎಂದು ಬೆನ್ನು ತಟ್ಟಿದ.

ಅದೇ ಆಗುತ್ತಿರಲಿಲ್ಲ. ಚುಕ್ಕಿ ಅಲೆ ಬರೆದ, ಅಳಿಸಿದ, ಮತ್ತೆ ಬರೆದ. ಅಲೆಯ ಮೇಲೆ ಬೆಳಕು ಬರೆದ. ಹಕ್ಕಿ ಹಾಕಿ, ಅತಿಯಾಯಿತೆಂದು ತೆಗೆದ. ಹೊಳೆಯನ್ನು ತಿರುಗಿಸುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದ. ತಿರುಗಿಸುವುದೆಂದರೆ ಮಹಾ ಏನಿಲ್ಲ. ಕಂಪ್ಯೂಟರಿಗೆ ಬರೆದುಕೊಟ್ಟಿದ್ದರಲ್ಲಿ ಹೊಳೆಯ ವೇಗದ ಮುಂದೆ ಒಂದು ಕಳೆಯುವ ಗುರುತು ಇತ್ತು. ಅದನ್ನು ಅಳಿಸಿದರೆ ಮುಗಿಯಿತು. ಬೆರಳು ಅಲ್ಲಿಯ ತನಕ ಹೋಗುತ್ತಿತ್ತು, ನಿಲ್ಲುತ್ತಿತ್ತು. ಅಳಿಸಿದರೆ ಆ ಸಂಜೆ ಹೋಯಿತು. ಅಕ್ಕ ಪುಟ ತಿರುವಿ, ಉಸಿರೆಳೆದುಕೊಂಡು, ಅವನೊಬ್ಬನಿಗಾಗಿ ಬಾಯಿಂದಲೇ ಬರೆದ ಆ ಪುಟ ಜಗತ್ತಿನ ಯಾವ ಪುಸ್ತಕದಲ್ಲೂ ಇರಲಿಲ್ಲ.

"ಏನ್ರೀ, ಹೊಳೆ ಇನ್ನೂ ಉಲ್ಟಾನೇ ಹರೀತಿದೆಯಾ?" ಎಂದು ಹೆಂಡತಿ ಟೀ ಲೋಟ ಮುಂದಿಟ್ಟಳು.

"ಅವಳು ಹೋದ್ರೆ ಬಾಗಿಲಲ್ಲಿ ನಿಂತಿರೋ ಹುಡುಗ ಏನು ಮಾಡ್ತಾನೆ?"

"ಬೆಳೀತಾನೆ. ನೀವು ಬೆಳೀಲಿಲ್ವಾ? ಹೊಟ್ಟೆ ನೋಡ್ಕೊಳ್ಳಿ."

ಅವನು ನಕ್ಕ. ನಕ್ಕ ಗಳಿಗೆಯಲ್ಲೇ ಬೆರಳು ಒತ್ತಿತು. ಪರದೆಯ ಮೇಲೆ ನೀಲಿ ಚುಕ್ಕಿಗಳೆಲ್ಲ ಒಂದು ಕ್ಷಣ ತಡೆದು, ಬಲಕ್ಕೆ ಹೊರಟವು.

ಭಾನುವಾರ ಅಕ್ಕ ಬಂದಳು. ಒಗೆದ ಸೀರೆ ಉಟ್ಟಿದ್ದಳು, ತಲೆ ಬಾಚಿ ಬಿಗಿಯಾಗಿ ಕಟ್ಟಿದ್ದಳು, ಎಲ್ಲಿಗೋ ಹೊರಟವಳ ಹಾಗೆ. ಮುದುಕಿಯನ್ನು, ಹಸುವನ್ನು ಬೇಗ ಬೇಗ ದಾಟಿಸಿದಳು. ಕೊನೆಯ ಬೆಳಗಿನಲ್ಲಿ ದೋಣಿಯನ್ನು ತಿರುಗಿಸಿದಾಗ ಗುಂಡನ್ನು ಒತ್ತುವ ಅಗತ್ಯವೇ ಬೀಳಲಿಲ್ಲ. ಹೊಳೆ ತಾನೇ ಕರೆದುಕೊಂಡು ಹೋಯಿತು. ಚುಕ್ಕಿ ಅವಳ ಕುರ್ಚಿಯ ಹಿಂದೆ ನಿಂತಿದ್ದ. ಬಾಗಿಲಿನ ಹುಡುಗನನ್ನು ಅವನು ಅಳಿಸಿರಲಿಲ್ಲ, ಮಲಗಿಸಿಯೂ ಇರಲಿಲ್ಲ. ಪುಸ್ತಕದಲ್ಲಿ ಅಷ್ಟಾದರೂ ತನ್ನದಿರಲಿ ಎಂದು ಬಿಟ್ಟಿದ್ದ. ಹುಡುಗ ದಡದ ಮೇಲೆ ಕೈ ಎತ್ತಿ ನಿಂತಿದ್ದ. ತಲೆ ಒಂದು ಚುಕ್ಕಿ ಕೆಳಗಿತ್ತು. ಮೆಲ್ಲಗೆ ಸಣ್ಣದಾಗಿ, ಒಂದೇ ಚುಕ್ಕಿಯಾಗಿ, ಬೆಟ್ಟದ ಹಿಂದೆ ಸರಿದ.

"ಪುಟ್ಟ ಎಲ್ಲಿ?" ಎಂದಳು ಅಕ್ಕ.

"ಹಿಂದೆ ಇದಾನೆ ಅಕ್ಕ. ಇಲ್ಲಿಂದ ಕಾಣಲ್ಲ."

ಚುಕ್ಕಿಯ ಕೈ ಗೇರಿನ ಗುಂಡಿನ ಕಡೆಗೆ ತಾನಾಗಿ ಚಾಚಿತು. ಕೈ ಹಿಂದೆಗೆದು ಕುರ್ಚಿಯ ಬೆನ್ನಿನ ಮೇಲೆ ಇಟ್ಟುಕೊಂಡ.

ತಿರುವು ದಾಟಿತು. ದಡ ಮುಗಿಯಿತು. ಪರದೆಯ ತುಂಬ ನೀಲಿ, ಎಲ್ಲೋ ಕೆಲವು ಕಡೆ ಹಸಿರು, ಕೆಲವು ಕಡೆ ಕೆಸರು ಬಣ್ಣ. ಅಲ್ಲಿ ಗೆಲ್ಲಲು ಏನೂ ಇರಲಿಲ್ಲ, ಸೋಲಲೂ ಇರಲಿಲ್ಲ. ಅಕ್ಕ ಕತ್ತು ಓರೆ ಮಾಡಿ ಒಂದಿಷ್ಟು ದೂರ ಹುಟ್ಟು ಹಾಕಿದಳು. ಆಮೇಲೆ ಮಣಿಕಟ್ಟು ನೋಯಿತೇನೋ, ಗುಂಡಿನಿಂದ ಕೈ ತೆಗೆದಳು. ತೆಗೆದು, ದೋಣಿಯನ್ನೇ ಕಣ್ಣಂಚಿನಿಂದ ನೋಡುತ್ತ ಕೂತಳು.

"ಕೈ ಬಿಟ್ರೂ ವಾಪಸ್ ಹೋಗ್ತಿಲ್ಲ," ಎಂದಳು.

"ಇದು ಸಮುದ್ರ ಅಲ್ವಾ ಅಕ್ಕ. ಇಲ್ಲಿ ಹೊಳೆ ಮುಗೀತು. ನಿಂತ ಕಡೆ ನಿಂತಿರುತ್ತೆ."

"ಹೌದಾ?" ಅವಳು ಕುರ್ಚಿಗೆ ಒರಗಿದಳು. ಅವನ ಕೈಬೆರಳುಗಳ ಮೇಲೆ ಅವಳ ತಲೆಯ ಭಾರ ಬಿತ್ತು. "ಹಾಗಾದ್ರೆ ಸ್ವಲ್ಪ ಹೊತ್ತು ಇಲ್ಲೇ ಇರ್ತೀನಿ."